ಫಜ್ ಪೆಡಲ್‌ನಲ್ಲಿ ಟ್ರಾನ್ಸಿಸ್ಟರ್ ಬದಲಿಸುವ ಕ್ರಮ

ಗಿಟಾರ್‌ನ ಸ್ವರವನ್ನು ಒರಟಾಗಿಸುವ ಫಜ್ ಪೆಡಲ್‌ನ ಸರ್ಕ್ಯೂಟ್ ನಕ್ಷೆಯಲ್ಲಿ 2ಎನ್3904 ಅಥವಾ 2ಎನ್5088 ಟ್ರಾನ್ಸಿಸ್ಟರ್ ಎಂದಿದ್ದು, ಬೆಳಗಾವಿಯ ಅಂಗಡಿಯಲ್ಲಿ ಬಿಸಿ547 ಮಾತ್ರ ಸಿಕ್ಕಿದರೆ ಕೆಲಸ ನಿಲ್ಲಿಸಬೇಕಾಗಿಲ್ಲ. ಮೂರೂ ಎನ್‌ಪಿಎನ್ ಸಿಲಿಕಾನ್ ಟ್ರಾನ್ಸಿಸ್ಟರ್‌ಗಳೇ. ಆದರೆ ಮೊದಲು ನೋಡಬೇಕಾದದ್ದು ಕಾಲುಗಳ ಕ್ರಮ. ಚಪ್ಪಟೆ ಮುಖ ನಮ್ಮ ಕಡೆಗೂ ಕಾಲುಗಳು ಕೆಳಕ್ಕೂ ಇರುವಂತೆ ಹಿಡಿದರೆ, ಎಡದಿಂದ 2ಎನ್3904ರಲ್ಲಿ ಎಮಿಟರ್, ಬೇಸ್, ಕಲೆಕ್ಟರ್ ಬರುತ್ತವೆ. ಬಿಸಿ547ರಲ್ಲಿ ಇದು ತಿರುವುಮುರುವು. ಆದ್ದರಿಂದ ಅದನ್ನು ಹಿಂದುಮುಂದಾಗಿ ತಿರುಗಿಸಿ ಕೂರಿಸಬೇಕು. ಗೇನ್, ಅಂದರೆ ಕರೆಂಟನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬ ವಿಷಯದಲ್ಲಿ, ಬಿಸಿ547ರ ಹೆಸರಿನ ಕೊನೆಯ ಅಕ್ಷರವನ್ನು ಗಮನಿಸಿ: ಎ ಎಂದರೆ 110ರಿಂದ 220, ಬಿ ಎಂದರೆ 200ರಿಂದ 450, ಸಿ ಎಂದರೆ 420ರಿಂದ 800. 2ಎನ್5088ರ ಜಾಗಕ್ಕೆ ಸಿ ಗುಂಪಿನದೇ ಸೂಕ್ತ.

ಜರ್ಮೇನಿಯಂ ಬಂದಾಗ ಇಷ್ಟು ಸಲೀಸಲ್ಲ. 1966ರಲ್ಲಿ ಬಂದ ಫಜ್ ಫೇಸ್ ಎಂಬ ಪೆಡಲ್‌ನಲ್ಲಿ ಎನ್‌ಕೆಟಿ275 ಎಂಬ ಪಿಎನ್‌ಪಿ (ಎನ್‌ಪಿಎನ್‌ಗೆ ವಿರುದ್ಧ ಧ್ರುವದ) ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳಿದ್ದವು. ಮುಂದೆ ಬಿಸಿ108ರಂಥ ಸಿಲಿಕಾನ್ ಬಂದವು. ಪಿಎನ್‌ಪಿ ತೆಗೆದು ಎನ್‌ಪಿಎನ್ ಹಾಕುವಾಗ ಬ್ಯಾಟರಿಯನ್ನೂ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನೂ ತಿರುಗಿಸಿ ಜೋಡಿಸಬೇಕು. ಎರಡನೆಯ ಟ್ರಾನ್ಸಿಸ್ಟರ್‌ನ 8.2 ಕಿಲೋ ಓಮ್ ಕಲೆಕ್ಟರ್ ರೆಸಿಸ್ಟರ್ ಬದಲು 20 ಕಿಲೋ ಓಮ್ ಪ್ರಿಸೆಟ್ (ಸ್ಕ್ರೂಡ್ರೈವರ್‌ನಿಂದ ತಿರುಗಿಸಿ ಹೊಂದಿಸುವ ರೆಸಿಸ್ಟರ್) ಹಾಕಿ, ಕಲೆಕ್ಟರ್‌ನಲ್ಲಿ ಸುಮಾರು 4.5 ವೋಲ್ಟ್ ಬರುವವರೆಗೆ ತಿರುಗಿಸಿ, ಆಮೇಲೆ ಕಿವಿಯಿಂದ ತೀರ್ಮಾನಿಸಿ. ಟ್ರಾನ್ಸಿಸ್ಟರ್‌ಗೆ ನೇರ ಬೆಸುಗೆ ಹಾಕದೆ ಸಾಕೆಟ್ ಬಳಸುವುದು ಲೇಸು.

ಹಳೆಯ ರೇಡಿಯೊದಿಂದ ಬಿಚ್ಚಿದ ಎಸಿ128 ಎಂಬ ಪಿಎನ್‌ಪಿ ಜರ್ಮೇನಿಯಂ ಟ್ರಾನ್ಸಿಸ್ಟರ್ ಕೈಗೆ ಸಿಕ್ಕರೆ ಮಲ್ಟಿಮೀಟರ್ ತೋರಿಸುವ ಗೇನನ್ನು ಹಾಗೆಯೇ ನಂಬಬೇಡಿ, ಏಕೆಂದರೆ ಅದು ಸೋರಿಕೆಯ ಕರೆಂಟನ್ನೂ ಗೇನ್ ಎಂದೇ ಎಣಿಸುತ್ತದೆ. ಬೇಸನ್ನು ಯಾವುದಕ್ಕೂ ಜೋಡಿಸದೆ ಎಮಿಟರನ್ನು 9 ವೋಲ್ಟ್ ಬ್ಯಾಟರಿಯ ಧನ ತುದಿಗೆ, ಕಲೆಕ್ಟರನ್ನು 2.2 ಕಿಲೋ ಓಮ್ ರೆಸಿಸ್ಟರ್ ಮೂಲಕ ಋಣ ತುದಿಗೆ ಜೋಡಿಸಿ ಆ ರೆಸಿಸ್ಟರ್‌ನ ಎರಡು ತುದಿಗಳ ನಡುವೆ ಅಳೆಯಿರಿ. 0.22 ವೋಲ್ಟ್ ಬಂದರೆ ಸೋರಿಕೆ 0.1 ಮಿಲಿಆಂಪಿಯರ್, ಅದರ ಮೂರು ಪಟ್ಟು ಮೀರಿದ್ದನ್ನು ನಾನು ಬಳಸುವುದಿಲ್ಲ. ಅಳೆಯುವಾಗ ಟ್ರಾನ್ಸಿಸ್ಟರನ್ನು ಬೆರಳುಗಳಲ್ಲಿ ಹಿಡಿದರೆ ಮೈಯ ಬಿಸಿಗೇ ಅಂಕಿ ಏರತೊಡಗುತ್ತದೆ.

ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಇದು ಸಣ್ಣ ವಿಷಯವಲ್ಲ: ಬೆಳಗಿನ ತಂಪಿನಲ್ಲಿ 4.5 ವೋಲ್ಟ್‌ಗೆ ಹೊಂದಿಸಿದ ಪೆಡಲ್ ಮಧ್ಯಾಹ್ನ 40 ಡಿಗ್ರಿಯಲ್ಲಿ ಬಯಾಸ್ (ಹೊಂದಿಸಿಟ್ಟ ಆ ವೋಲ್ಟೇಜ್) ತಪ್ಪಿ, ಸ್ವರ ಕತ್ತರಿಸಿದಂತೆ ನುಡಿಯಬಹುದು. ಆದ್ದರಿಂದ ಪ್ರಿಸೆಟ್‌ನ ನೇರಕ್ಕೆ ಡಬ್ಬಿಯಲ್ಲಿ ಸ್ಕ್ರೂಡ್ರೈವರ್ ಹೋಗುವಷ್ಟು ರಂಧ್ರ ಕೊರೆದಿಟ್ಟು, ನುಡಿಸುವ ಜಾಗದಲ್ಲಿಯೇ ಮತ್ತೊಮ್ಮೆ ಹೊಂದಿಸಿಕೊಳ್ಳಿ.