ಸಾಂಬ್ರಾದಲ್ಲಿ ಕಾಲೂರಿದ ಮೇಲೆ: ಮೊದಲ ನಲವತ್ತು ದಿನ

ಬೆಂಗಳೂರಿನಿಂದ ನೀವು ಬಂದ ವಿಮಾನ ಬೆಳಗಾವಿಯ ಸಾಂಬ್ರಾ ನಿಲ್ದಾಣದ ರನ್‌ವೇ ಮುಟ್ಟುವ ಹೊತ್ತಿಗೆ ಗಕ್ಕನೆ ಮೇಲೆದ್ದಿತು. ಇಲ್ಲವೇ ಒಂದು ಎಂಜಿನ್ ನಿಂತು, ಹೇಗೋ ಇಳಿಯಿತು. ಮೈಮೇಲೆ ಗಾಯವಿಲ್ಲ, ಆದರೆ ‘ಇನ್ನ ಮ್ಯಾಲೆ ಹಿಂಗ ಬದುಕಬಾರದು’ ಎಂಬ ಮಾತು ಒಳಗೆ ಕೂತುಬಿಟ್ಟಿದೆ. ಆ ಮಾತನ್ನು ಕಡೆಗಣಿಸಬೇಡಿ. ಅದರ ಬೆನ್ನು ಹತ್ತಿ ಓಡಲೂ ಬೇಡಿ. ಅನಿಸಿದ್ದನ್ನು ಬರೆಯುವುದು ಬೇಗ ಆಗಬೇಕು, ದೊಡ್ಡ ನಿರ್ಧಾರ ತಡವಾಗಬೇಕು.

ಮೊದಲ ಎರಡು ದಿನ ಮೈಯದು. ಕೈನಡುಕ, ನಿದ್ದೆಗೇಡು, ಕುಕ್ಕರ್ ಸೀಟಿಗೂ ಬೆಚ್ಚುವುದು ಎಲ್ಲ ಸಹಜ. ಊರು ಹತ್ತೇ ಕಿಲೋಮೀಟರ್ ಎಂದು ನೀವೇ ಗಾಡಿ ಓಡಿಸಬೇಡಿ, ಮನೆಯವರನ್ನು ಕರೆಸಿ. ನಾಲ್ಕು ಎಣಿಸುತ್ತ ಉಸಿರು ಎಳೆದು, ಆರು ಎಣಿಸುತ್ತ ಬಿಡಿ. ಐದು ನಿಮಿಷ ಸಾಕು. ಬಿಡುವ ಉಸಿರು ಉದ್ದವಾದರೆ ಎದೆಬಡಿತ ಇಳಿಯುತ್ತದೆ. ಸೆರೆ ಕುಡಿದರೆ ನಿದ್ದೆ ಬಂದಂತಾಗಿ ನಡುರಾತ್ರಿ ಒಡೆಯುತ್ತದೆ. ನಿದ್ದೆ ಗುಳಿಗೆಯನ್ನು ನೀವಾಗಿಯೇ ತರಬೇಡಿ: ಮೊದಲ ತಿಂಗಳಲ್ಲಿ ಇಂಥ ಆಘಾತಕ್ಕೆ ಬೆಂಜೊಡಯಾಜೆಪಿನ್ ಗುಂಪಿನ (ನಿದ್ದೆಗೆ, ಆತಂಕಕ್ಕೆ ಕೊಡುವ) ಗುಳಿಗೆ ಬೇಡ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಮೂರು ದಿನದೊಳಗೆ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮೊಬೈಲ್ ಬೇಡ, ಬರೆಯುತ್ತ ಕೂತಾಗಲೇ ವಿಮಾನದ ವಿಡಿಯೊ ಕಣ್ಣಿಗೆ ಬೀಳುತ್ತದೆ. ತಾರೀಖು, ಸೀಟು, ಕಂಡದ್ದು, ಕೇಳಿದ್ದು ಬರೆದು, ಆಮೇಲೆ ನಾಲ್ಕು ಪ್ರಶ್ನೆ. ಆ ನಿಮಿಷಗಳಲ್ಲಿ ಯಾರು ಯಾರು ನೆನಪಾದರು, ಯಾವ ಕ್ರಮದಲ್ಲಿ? ಯಾವ ಕೆಲಸ ಅರ್ಧಕ್ಕೆ ಉಳಿಯಿತು ಅನಿಸಿತು? ಯಾರಿಗೆ ಆಡಿದ, ಆಡದೆ ಬಿಟ್ಟ ಮಾತು ಚುಚ್ಚಿತು? ದಿನವಿಡೀ ತಲೆ ತುಂಬಿಕೊಂಡಿದ್ದ ಯಾವ ಸಂಗತಿ ನೆನಪಿಗೇ ಬರಲಿಲ್ಲ? ಕೊನೆಯದಕ್ಕೆ ಹೆಚ್ಚು ಹೊತ್ತು ಕೊಡಿ, ಎಲ್ಲರೂ ಅವಸರದಲ್ಲಿ ದಾಟುವುದು ಅದನ್ನೇ. ಕಟ್ಟೆಯ ಮೇಲೆ ಕೂತು ಹತ್ತು ಮಂದಿಗೆ ಹೇಳುವಷ್ಟರಲ್ಲಿ ಕೇಳಿದವರ ಮಾತೂ ನಿಮ್ಮ ನೆನಪಿನೊಳಗೆ ಬೆರೆತಿರುತ್ತದೆ. ಆದ್ದರಿಂದಲೇ ಈ ಅವಸರ. ಯಾರೂ ನೆನಪಾಗಲಿಲ್ಲ, ಬರೀ ಹೆದರಿಕೆ ಇತ್ತು ಎಂದರೆ ಹಾಗೆಯೇ ಬರೆಯಿರಿ. ಮಕ್ಕಳ ಮೇಲೆ ಪ್ರೀತಿ ಇಲ್ಲವೆಂದು ಅದರ ಅರ್ಥವಲ್ಲ.

ನಿಜಕ್ಕೂ ಏನಾಯಿತೆಂದು ತಿಳಿಯುವುದೂ ಇದೇ ವಾರದ ಕೆಲಸ. ಇಳಿಯುವ ಮುನ್ನ ಮತ್ತೆ ಮೇಲೇರುವುದಕ್ಕೆ ಗೋ-ಅರೌಂಡ್ ಅನ್ನುತ್ತಾರೆ. ಪೈಲಟ್‌ಗಳು ಮತ್ತೆ ಮತ್ತೆ ಅಭ್ಯಾಸ ಮಾಡಿರುವ ಕ್ರಮ ಅದು. ಮಳೆಗಾಲದ ಬೆಳಗಾವಿಯಲ್ಲಿ ರನ್‌ವೇ ಕಾಣದಿದ್ದರೆ ಹಾಗೆ ಮಾಡಲೇಬೇಕು. ಎರಡು ಎಂಜಿನ್ನಿನ ವಿಮಾನ ಒಂದರ ಮೇಲೆಯೇ ಹಾರಿ ಇಳಿಯಬಲ್ಲದು. ಗಂಭೀರ ಘಟನೆಯಾದರೆ ವಿಮಾನ ಅಪಘಾತ ತನಿಖಾ ಬ್ಯೂರೊದ ವರದಿಗೆ ಕಾಯಿರಿ. ವಾಟ್ಸಾಪ್‌ನಲ್ಲಿ ಬಂದ ಕಾರಣವನ್ನು ನಂಬಿ ಕೂರಬೇಡಿ.

ಎರಡನೇ ವಾರ ತಾಸುಗಳ ಲೆಕ್ಕ. ವಾರಕ್ಕೆ 168 ತಾಸು. ನಿದ್ದೆ, ನೌಕರಿ, ಓಡಾಟ, ಹೊಲ, ಫೋನು, ಮನೆಮಂದಿಯ ಜೊತೆ ಕೂತು ಉಂಡದ್ದು ಎಲ್ಲವನ್ನೂ ಏಳು ದಿನ ಬರೆದಿಡಿ. ಆಮೇಲೆ ಮೊದಲ ಹಾಳೆಯ ಹೆಸರುಗಳ ಪಕ್ಕ ಅವರಿಗೆ ಸಿಕ್ಕ ತಾಸು ಹಾಕಿ. ಅವ್ವನ ಹೆಸರು ಮೊದಲಿದ್ದು ಪಕ್ಕದಲ್ಲಿ ಸೊನ್ನೆ ಇದ್ದರೆ ಕೆಲಸ ಎಲ್ಲಿ ಶುರುವಾಗಬೇಕೆಂದು ತಿಳಿಯಿತು. ಆದರೆ ನೆನಪಾಗದ್ದೆಲ್ಲ ಬೇಡವಾದದ್ದಲ್ಲ. ಮಕ್ಕಳ ಫೀಸು ಕಟ್ಟುವ ನೌಕರಿ ಆ ಹೊತ್ತಿಗೆ ಯಾರಿಗೂ ನೆನಪಾಗುವುದಿಲ್ಲ.

ಈಗ ಮೂರೇ ಕೆಲಸ ಆರಿಸಿ, ಒಂದೊಂದಕ್ಕೂ ತಾರೀಖು ಹಾಕಿ. ‘ಅವ್ವನ ಜೋಡಿ ಇರಬೇಕು’ ಎಂದರೆ ಆಸೆಯಾಯಿತು. ‘ಎರಡನೇ ಶನಿವಾರ ಸಂಜಿ ಗೋಕಾಕದ ಬಸ್ಸು, ಮನ್ಯಾಗ ಊಟ, ಆಯ್ತವಾರ ವಾಪಸ್’ ಎಂದರೆ ಕೆಲಸವಾಯಿತು. ಆ ತಾಸನ್ನು ಯಾವುದರಿಂದ ಕಿತ್ತುಕೊಳ್ಳುತ್ತೀರಿ ಎಂದೂ ಬರೆಯಿರಿ. ಇದನ್ನು ಬಿಟ್ಟವರ ಪಟ್ಟಿ ತಿಂಗಳೊಳಗೆ ಮೂಲೆ ಸೇರುತ್ತದೆ. ವಾಟ್ನಿ (ಆಸ್ತಿ ಪಾಲು) ವಿಷಯಕ್ಕೆ ಅಣ್ಣನ ಜೊತೆ ಮಾತು ಬಿಟ್ಟಿದ್ದರೆ ‘ಅಣ್ಣಾ, ಆರಾಮ ಇದ್ದೀ? ಸುಮ್ನ ಮಾತಾಡ್ಬೇಕ ಅನ್ನಿಸ್ತು’ ಎಂಬಷ್ಟೇ ಫೋನು ಸಾಕು. ಅವತ್ತೇ ಅತ್ತು, ಹಿಸ್ಸೆ ಬಿಟ್ಟುಕೊಟ್ಟು ಸಹಿ ಹಾಕಬೇಡಿ.

ರಾಜೀನಾಮೆ, ಹೊಲ ಮಾರಾಟ, ಮದುವೆ ಮುರಿಯುವುದು, ದೊಡ್ಡ ದಾನ ಇವಕ್ಕೆ ನಲವತ್ತು ದಿನ ಬೀಗ. ಆಕಾಶದಲ್ಲಿ ಸವದತ್ತಿ ಯಲ್ಲಮ್ಮನಿಗೆ ಹರಕೆ ಹೊತ್ತಿದ್ದರೆ ಬೇಗ ತೀರಿಸಿ, ಮನಸ್ಸು ಹಗುರಾಗುತ್ತದೆ. ಹರಕೆಗಾಗಿ ಸಾಲ ಮಾತ್ರ ಮಾಡಬೇಡಿ. ಹಿರಿಯರಿಗೆ ಹೇಳಿ, ಕಂತಿನಲ್ಲಿ ಸಲ್ಲಿಸುವ ದಾರಿ ನೋಡಿ.

ಕಾಗದಪತ್ರ ಒಂದು ರವಿವಾರದ ಕೆಲಸ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿ ಹಾಕಬಹುದು. ನಾಮಿನಿ ಹಣ ಪಡೆಯುವವರಷ್ಟೇ, ಅದರ ಒಡೆಯರು ವಾರಸುದಾರರು. ಇದು ತಿಳಿಯದೆ ಎಷ್ಟೋ ಮನೆ ಒಡೆದಿವೆ. ಮೃತ್ಯುಪತ್ರಕ್ಕೆ ಬಿಳಿ ಹಾಳೆ, ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ ಸಾಕು, ನೋಂದಣಿ ಕಡ್ಡಾಯವಲ್ಲ. ಆಸ್ತಿ ಪಡೆಯುವವರನ್ನೇ ಸಾಕ್ಷಿ ಮಾಡಬೇಡಿ. ಹೊಲದ ಉತಾರ (ಪಹಣಿ), ಪಿಕೆಪಿಎಸ್ (ಊರಿನ ಕೃಷಿ ಪತ್ತಿನ ಸಹಕಾರಿ ಸಂಘ) ಸಾಲ, ಕೈಗಡ ಕೊಟ್ಟದ್ದು ತಂದದ್ದು ಒಂದೇ ಹಾಳೆಯಲ್ಲಿರಲಿ. ಆ ಹಾಳೆ ಎಲ್ಲಿದೆ ಎಂದು ಹೆಂಡತಿಗೋ ಗಂಡನಿಗೋ ಗೊತ್ತಿರಲಿ.

ತಿಂಗಳು ದಾಟಿದರೂ ಅದೇ ಕನಸು, ಅದೇ ಬೆಚ್ಚು, ಯಾರ ಜೊತೆಗೂ ಬೆರೆಯಲಾಗದ ಸ್ಥಿತಿ ಇದ್ದರೆ ಪ್ರಶ್ನೆ ಆದ್ಯತೆಯದಲ್ಲ, ಚಿಕಿತ್ಸೆಯದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಹಗಲಿರುಳು ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ದೂರವೇನಲ್ಲ. ಸಾಯುವ ಯೋಚನೆ ಬಂದರೆ ತಿಂಗಳು ಕಾಯದೆ ಅವತ್ತೇ ಫೋನು ಮಾಡಿ.

ನಲವತ್ತನೇ ದಿನ ನೋಟ್‌ಬುಕ್ ತೆರೆದು ಮೂರು ಕೆಲಸದಲ್ಲಿ ಎಷ್ಟಾಯಿತು ನೋಡಿ. ಒಂದೂ ಆಗದಿದ್ದರೆ ತಪ್ಪು ಇರುವುದು ಬಹುತೇಕ ತಾಸು ಆರಿಸುವುದರಲ್ಲಿ, ಅದನ್ನು ಬದಲಿಸಿ. ನೌಕರಿ, ಊರು ಬದಲಿಸುವ ಪ್ರಶ್ನೆ ಅವತ್ತಿಗೂ ಅಷ್ಟೇ ಗಟ್ಟಿ ಇದ್ದರೆ ಆಗ ಮನೆಯವರನ್ನು ಕೂರಿಸಿ ಮಾತಾಡಿ. ಮುಂದಿನ ಬೆಂಗಳೂರು ಪ್ರಯಾಣಕ್ಕೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ರೈಲು ಹಿಡಿದರೆ ತಪ್ಪಿಲ್ಲ, ಆದರೆ ಪ್ರತಿ ಸಲವೂ ತಪ್ಪಿಸಿಕೊಂಡರೆ ಹೆದರಿಕೆ ಬೇರು ಬಿಡುತ್ತದೆ. ಮತ್ತೆ ಹತ್ತುವಾಗ ಬೆಳಗಿನ ವಿಮಾನ ಆರಿಸಿ, ನೆಲ ಕಾಯುವ ಮುನ್ನ ಗಾಳಿ ಶಾಂತವಿರುತ್ತದೆ. ರೆಕ್ಕೆಯ ಹತ್ತಿರದ ಸೀಟು ಕೇಳಿ, ಅಲ್ಲಿ ಕುಲುಕಾಟ ಕಡಿಮೆ. ಹತ್ತಿದ ಕೂಡಲೇ ಗಗನಸಖಿಗೆ ನಿಮ್ಮ ಹೆದರಿಕೆ ಹೇಳಿಬಿಡಿ.