ಎಷ್ಟು ಕ್ಯಾಲೊರಿ ಖರ್ಚಾಯಿತು? ಲೆಕ್ಕ ಹಾಕುವುದು ಹೀಗೆ

ಅರ್ಧ ಗಂಟೆ ನಡೆದರೆ ಎಷ್ಟು ಕ್ಯಾಲೊರಿ ಖರ್ಚಾಗುತ್ತದೆ ಎಂಬ ಪ್ರಶ್ನೆಗೆ ಎಲ್ಲರಿಗೂ ಹೊಂದುವ ಒಂದೇ ಉತ್ತರವಿಲ್ಲ. ನಡೆಯುವವರ ತೂಕ, ನಡಿಗೆಯ ವೇಗ, ನಡೆದ ಹೊತ್ತು ಈ ಮೂರೂ ಗೊತ್ತಾದ ಮೇಲೆಯೇ ಅಂಕಿಗೆ ಅರ್ಥ ಬರುವುದು. ಆದ್ದರಿಂದ ಯಾವುದೋ ಪಟ್ಟಿಯಲ್ಲಿ ಕಂಡ ಸಂಖ್ಯೆಯನ್ನು ನಮ್ಮದೆಂದು ನಂಬುವುದಕ್ಕಿಂತ, ಕಾಗದ, ಪೆನ್ನು ಹಿಡಿದು ನಮ್ಮ ಲೆಕ್ಕವನ್ನು ನಾವೇ ಹಾಕಿಕೊಳ್ಳುವುದು ಮೇಲು. ಗುಣಾಕಾರ ಬಲ್ಲವರಿಗೆ ಇದು ಎರಡು ನಿಮಿಷದ ಕೆಲಸ.

ಮೊದಲು ‘ಮೆಟ್’ ಎಂಬ ಅಳತೆಯನ್ನು ತಿಳಿದುಕೊಳ್ಳಬೇಕು. ಸುಮ್ಮನೆ ಕುಳಿತಾಗಲೂ ಉಸಿರಾಟ, ಹೃದಯದ ಬಡಿತ, ಮೈಯ ಬಿಸಿ ಇವುಗಳಿಗಾಗಿ ದೇಹವು ಪ್ರತಿ ಕಿಲೋ ತೂಕಕ್ಕೆ ಗಂಟೆಗೆ ಸುಮಾರು 1 ಕಿಲೋಕ್ಯಾಲೊರಿ ಬಳಸುತ್ತದೆ. ಇದೇ 1 ಮೆಟ್. ದಿನಬಳಕೆಯ ಮಾತಿನಲ್ಲಿ ನಾವು ಕ್ಯಾಲೊರಿ ಎನ್ನುವುದು ಈ ಕಿಲೋಕ್ಯಾಲೊರಿಯನ್ನೇ. ಇಲ್ಲಿಯೂ ಹಾಗೆಯೇ ಬಳಸಲಾಗಿದೆ. ಒಂದು ಚಟುವಟಿಕೆ 4 ಮೆಟ್ ಎಂದರೆ ಅದಕ್ಕೆ ವಿಶ್ರಾಂತಿಯ ನಾಲ್ಕು ಪಟ್ಟು ಶಕ್ತಿ ಬೇಕು ಎಂದರ್ಥ. ಬಾರ್ಬರಾ ಐನ್ಸ್‌ವರ್ತ್ ಮತ್ತು ಅವರ ಸಹ ಸಂಶೋಧಕರು ವಯಸ್ಕರ ನೂರಾರು ಚಟುವಟಿಕೆಗಳಿಗೆ ಇಂಥ ಮೌಲ್ಯಗಳನ್ನು ಕಲೆಹಾಕಿ 1993ರಲ್ಲಿ ಪ್ರಕಟಿಸಿದರು. ಆ ಸಂಗ್ರಹ ಅನಂತರವೂ ಹಲವು ಬಾರಿ ಪರಿಷ್ಕರಣೆಗೊಂಡಿದೆ.

ಎರಡನೆಯ ಹಂತದಲ್ಲಿ ನಿಮ್ಮ ಚಟುವಟಿಕೆಯ ಮೆಟ್ ಎಷ್ಟೆಂದು ನೋಡಿಕೊಳ್ಳಿ. 2011ರ ಪರಿಷ್ಕರಣೆಯ ಪ್ರಕಾರ ಹಠಯೋಗಕ್ಕೆ 2.5, ಗಂಟೆಗೆ ಸುಮಾರು 4.8 ಕಿಲೋಮೀಟರ್ ವೇಗದ ನಡಿಗೆಗೆ 3.5, ಅದನ್ನೇ 6.4ಕ್ಕೆ ಏರಿಸಿದರೆ 5, ಗಂಟೆಗೆ 8 ಕಿಲೋಮೀಟರ್ ಓಟಕ್ಕೆ 8.3, ನಿಮಿಷಕ್ಕೆ 100ರಿಂದ 120 ಜಿಗಿತದ ಸ್ಕಿಪ್ಪಿಂಗ್‌ಗೆ 11.8 ಮೆಟ್. ನೆಲ ಗುಡಿಸುವುದಕ್ಕೆ ಎಷ್ಟು ಗೊತ್ತೇ? 3.3. ಸಾಧಾರಣ ನಡಿಗೆಗೂ ಅದಕ್ಕೂ ಕೂದಲೆಳೆಯ ಅಂತರ. ದಿನವಿಡೀ ಮನೆಗೆಲಸ ಮಾಡುವವರ ದುಡಿಮೆಯನ್ನು ‘ಅದೇನು ವ್ಯಾಯಾಮವೇ’ ಎಂದು ತಳ್ಳಿಹಾಕುವುದು ಅನ್ಯಾಯವೆಂದು ಈ ಅಂಕಿಯೇ ಹೇಳುತ್ತದೆ.

ಮೂರನೆಯದು ಗುಣಾಕಾರ. ಮೆಟ್ ಅನ್ನು ಕಿಲೋ ಲೆಕ್ಕದ ತೂಕದಿಂದಲೂ ಗಂಟೆ ಲೆಕ್ಕದ ಸಮಯದಿಂದಲೂ ಗುಣಿಸಿ. 60 ಕಿಲೋ ತೂಕದವರು 4.8 ಕಿಲೋಮೀಟರ್ ವೇಗದಲ್ಲಿ ಅರ್ಧ ಗಂಟೆ ನಡೆದರೆ 3.5 × 60 × 0.5, ಅಂದರೆ 105 ಕ್ಯಾಲೊರಿ. ಅಷ್ಟೇ ಹೊತ್ತು 8 ಕಿಲೋಮೀಟರ್ ವೇಗದಲ್ಲಿ ಓಡಿದರೆ 249.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ, ತಪ್ಪುವುದೂ ಇಲ್ಲಿಯೇ. ಆ ಅರ್ಧ ಗಂಟೆ ಕುರ್ಚಿಯಲ್ಲಿ ಕುಳಿತಿದ್ದರೂ 30 ಕ್ಯಾಲೊರಿ ಖರ್ಚಾಗುತ್ತಲೇ ಇತ್ತು. ಆದ್ದರಿಂದ ನಡಿಗೆಯಿಂದ ಹೆಚ್ಚುವರಿಯಾಗಿ ಖರ್ಚಾದದ್ದು 75 ಮಾತ್ರ. ತೂಕ ಇಳಿಸುವ ಉದ್ದೇಶದಿಂದ ಲೆಕ್ಕ ಇಡುವವರು ಮೆಟ್‌ನಿಂದ 1 ಕಳೆದು ಗುಣಿಸುವುದು ಸರಿಯಾದ ಕ್ರಮ. ಒಂದು ಕಿಲೋ ಮೈಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿರುವುದರಿಂದ, ಪ್ರತಿದಿನ ಉಳಿಯುವ ಈ 30ರ ತಪ್ಪು ತಿಂಗಳುಗಟ್ಟಲೆ ಕೂಡುತ್ತಾ ಹೋದರೆ ಸಣ್ಣದಾಗಿರುವುದಿಲ್ಲ.

ಸಮಯದ ಬಗೆಗೂ ಪ್ರಾಮಾಣಿಕತೆ ಬೇಕು. ಸ್ಕಿಪ್ಪಿಂಗ್ ಮಾಡುವವರನ್ನೇ ಗಮನಿಸಿ: ಮೊದಲ ನಿಮಿಷ ಹಗ್ಗ ಸರಾಗವಾಗಿ ತಿರುಗುತ್ತದೆ, ಆಮೇಲೆ ಕಾಲಿಗೆ ತೊಡರುತ್ತದೆ, ಅದನ್ನು ಬಿಡಿಸಿಕೊಂಡು, ಸೊಂಟದ ಮೇಲೆ ಕೈಯಿಟ್ಟು ಏದುಸಿರು ಇಳಿಯುವವರೆಗೆ ನಿಂತು, ಮತ್ತೆ ಶುರು. ಗಡಿಯಾರದಲ್ಲಿ ಹತ್ತು ನಿಮಿಷ ಕಳೆದಿದ್ದರೂ ಜಿಗಿದದ್ದು ಆರೇ ನಿಮಿಷ ಇರಬಹುದು. 11.8 ಮೆಟ್ ಅನ್ವಯಿಸುವುದು ಆ ಆರಕ್ಕೆ. ಟ್ರೆಡ್‌ಮಿಲ್‌ನ ಹಿಡಿಕಂಬಿಗೆ ಭಾರ ಬಿಟ್ಟು ನಡೆದರೂ ಹೀಗೆಯೇ. ಕಾಲಿನ ಶ್ರಮ ತಗ್ಗುತ್ತದೆ, ಪರದೆಯ ಅಂಕಿ ಮಾತ್ರ ಏರುತ್ತಿರುತ್ತದೆ.

ವೇಗ ಅಳೆಯಲು ಸಾಧನವಿಲ್ಲದವರು ಉಸಿರನ್ನೇ ನೆಚ್ಚಬಹುದು. ಮಾತನಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎನ್ನುವಂತಿದ್ದರೆ ಅದು ಮಧ್ಯಮ ಶ್ರಮ, ಅಂದರೆ 3ರಿಂದ 6 ಮೆಟ್‌ನ ಒಳಗೆ. ನಾಲ್ಕು ಮಾತಿಗೇ ಉಸಿರು ಕಟ್ಟುತ್ತಿದ್ದರೆ 6 ಮೆಟ್ ದಾಟಿದೆ ಎಂದು ತಿಳಿಯಿರಿ. ಹೃದ್ರೋಗ ಇರುವವರು ಆ ಹಂತಕ್ಕೆ ಹೋಗುವ ಮುನ್ನ ವೈದ್ಯರನ್ನು ಕೇಳಲೇಬೇಕು.

ತೂಕ ಬದಲಾದಾಗಲೆಲ್ಲ ಲೆಕ್ಕವನ್ನು ಹೊಸದಾಗಿ ಹಾಕಿ. 80 ಕಿಲೋ ಇದ್ದವರು 70ಕ್ಕೆ ಇಳಿದರೆ, ಮೊದಲು 140 ಕ್ಯಾಲೊರಿ ಖರ್ಚು ಮಾಡಿಸುತ್ತಿದ್ದ ಅದೇ ಅರ್ಧ ಗಂಟೆಯ ನಡಿಗೆ ಈಗ ಸುಮಾರು 122ಕ್ಕೆ ನಿಲ್ಲುತ್ತದೆ. ಹಿಂದಿನಷ್ಟೇ ಖರ್ಚಾಗಬೇಕಿದ್ದರೆ ಇನ್ನೂ ನಾಲ್ಕೈದು ನಿಮಿಷ ಹೆಚ್ಚು ನಡೆಯಬೇಕು.