ಆಸ್ಟಿಯೋಪಥಿಗೆ ಹೋಗುವ ಮುನ್ನ: ಮೊದಲು ಮಾತು, ಆಮೇಲೆ ಕೈ

‘ನಡಾ ಹಿಡದೈತಿ’ ಎಂಬ ಮಾತು ಬೆಟಗೇರಿಯ ನೇಕಾರರ ಮನೆಗಳಲ್ಲಿ ಹೊಸದಲ್ಲ. ನಮ್ಮ ಕಾಕಾ ಮೂವತ್ತು ವರ್ಷ ಮಗ್ಗದ ಮುಂದೆ ಕೂತವರು. ಬೆನ್ನು ಹಿಡಿದಾಗಲೆಲ್ಲ, ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಉಳುಕು ಹೋಗುತ್ತದೆ ಎಂದು ನಂಬಿದ್ದರು. ಈಚೆಗೆ ಯಾರೋ ಅವರಿಗೆ ಆಸ್ಟಿಯೋಪಥಿಯ ಬಗ್ಗೆ ಹೇಳಿದ್ದಾರೆ. ‘ಗುಳಿಗಿ ಇಲ್ಲಂತ, ಸೂಜಿ ಇಲ್ಲಂತ. ಅಲ್ಲಿ ಏನ್ ಮಾಡ್ತಾರವಾ? ಎಲುಬು ಎಳೀತಾರೇನು?’ ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಸ್ಟಿಯೋಪಥಿ ಎಂದರೆ ಕೈಯಿಂದ ಮಾಡುವ ಚಿಕಿತ್ಸೆ. ಸ್ನಾಯು, ಕೀಲು, ಬೆನ್ನುಮೂಳೆಯ ಸುತ್ತಲಿನ ಬಿಗಿತವನ್ನು ಒತ್ತಿ, ಹಿಗ್ಗಿಸಿ, ಅಲುಗಾಡಿಸಿ ಸಡಿಲ ಮಾಡುತ್ತಾರೆ. ಇದನ್ನು ಶುರು ಮಾಡಿದವರು ಅಮೆರಿಕದ ವೈದ್ಯ ಆಂಡ್ರ್ಯೂ ಟೇಲರ್ ಸ್ಟಿಲ್. 1864ರಲ್ಲಿ ಮಿದುಳು ಪೊರೆಯ ಸೋಂಕಿನಿಂದ ಅವರ ಮೂವರು ಮಕ್ಕಳು ತೀರಿಕೊಂಡರು. ಆ ಕಾಲದ ಔಷಧಿಗಳ ಮೇಲೆ ಅವರಿಗಿದ್ದ ಭರವಸೆ ಹೋಯಿತು. 1874ರಲ್ಲಿ ತಮ್ಮ ಹೊಸ ಪದ್ಧತಿಯನ್ನು ಸಾರಿದರು, 1892ರಲ್ಲಿ ಕಿರ್ಕ್ಸ್‌ವಿಲ್ ಊರಲ್ಲಿ ಶಾಲೆ ತೆರೆದರು.

ಹೆಜ್ಜೆ 1: ಅಲ್ಲಿಗೆ ಹೋಗಬೇಕಾದ ನೋವೇ ಎಂದು ನೋಡಿ

ಭಾರ ಎತ್ತಿ, ಬಗ್ಗಿ, ತಾಸುಗಟ್ಟಲೆ ಕೂತು ಬಂದ ಸೊಂಟನೋವಿಗೆ ಈ ಚಿಕಿತ್ಸೆಯಿಂದ ಸ್ವಲ್ಪ ಆರಾಮ ಸಿಗಬಹುದು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲರ ನೋವು ಇಂಥದ್ದೇ. ಆದರೆ ಅಸ್ತಮಾ, ಸಕ್ಕರೆ ಕಾಯಿಲೆ, ಬಿಪಿ ವಾಸಿ ಮಾಡುತ್ತೇವೆ ಎಂದರೆ ನಂಬಬೇಡಿ.

ಕೆಲವು ಲಕ್ಷಣ ಇದ್ದರೆ ಬೇರೆಲ್ಲೂ ಹೋಗದೆ ಮೊದಲು ಆಸ್ಪತ್ರೆಗೆ ಹೋಗಿ. ಮೂತ್ರ ಕಟ್ಟಿಕೊಳ್ಳುವುದು ಅಥವಾ ತಿಳಿಯದೆ ಹೋಗುವುದು, ತೊಡೆಸಂದಿಯಲ್ಲಿ ಸ್ಪರ್ಶವೇ ಗೊತ್ತಾಗದಿರುವುದು, ಕಾಲಿನ ಶಕ್ತಿ ಕುಂದುವುದು. ಇವು ಬಂದರೆ ನಾಳೆ ನೋಡೋಣ ಎನ್ನಬೇಡಿ, ಅವತ್ತೇ ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಆಸ್ಪತ್ರೆಗೋ ಗದಗಿನ ಜಿಮ್ಸ್ ಆಸ್ಪತ್ರೆಗೋ ಹೋಗಿ. ಬೆನ್ನುನೋವಿನ ಜೊತೆ ಸಂಜೆ ಜ್ವರ ಬರುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಅದು ಬೆನ್ನುಮೂಳೆಯ ಕ್ಷಯವೂ ಇರಬಹುದು. ಅದನ್ನು ಒತ್ತಿ ತಿಕ್ಕಿ ವಾಸಿ ಮಾಡಲು ಆಗುವುದಿಲ್ಲ.

ಹೆಜ್ಜೆ 2: ಅವರ ಓದು ಕೇಳಿ

ಕೇಳಲು ಸಂಕೋಚ ಬೇಡ. ಅಮೆರಿಕದಲ್ಲಿ ಡಿಒ (ಡಾಕ್ಟರ್ ಆಫ್ ಆಸ್ಟಿಯೋಪಥಿಕ್ ಮೆಡಿಸಿನ್) ಪದವಿ ಪಡೆದವರು ಪೂರ್ಣ ವೈದ್ಯರು, ಶಸ್ತ್ರಚಿಕಿತ್ಸೆಯನ್ನೂ ಮಾಡುತ್ತಾರೆ. ಬ್ರಿಟನ್‌ನಲ್ಲಿ 1993ರ ಕಾಯ್ದೆಯ ಪ್ರಕಾರ ನೋಂದಣಿ ಆದವರು ಮಾತ್ರ ಆಸ್ಟಿಯೋಪಾತ್ ಎಂದು ಹೇಳಿಕೊಳ್ಳಬಹುದು. ಅಲ್ಲಿ ಅದು ಮುಖ್ಯವಾಗಿ ಕೈಚಿಕಿತ್ಸೆ. ಹೀಗೆ ಒಂದೇ ಹೆಸರಿನ ಹಿಂದೆ ಬೇರೆ ಬೇರೆ ಓದು ಇರುತ್ತದೆ. ‘ನಿಮ್ಮ ಮೂಲ ಪದವಿ ಯಾವುದ್ರೀ? ಎಷ್ಟು ವರ್ಷ ಓದೀರಿ?’ ಎಂದು ನೇರವಾಗಿ ಕೇಳಿ. ಫಿಸಿಯೋಥೆರಪಿ ಪದವಿ ಇದ್ದರೆ ಅಷ್ಟು ಧೈರ್ಯ. ವಾರಾಂತ್ಯದ ಶಿಬಿರದ ಪ್ರಮಾಣಪತ್ರ ಮಾತ್ರ ಇದ್ದರೆ ಎದ್ದು ಬನ್ನಿ.

ಹೆಜ್ಜೆ 3: ಮೊದಲ ಭೇಟಿ

ಮುಕ್ಕಾಲು ತಾಸಿನಿಂದ ಒಂದು ತಾಸು ಹಿಡಿಯಬಹುದು. ಅದರಲ್ಲಿ ದೊಡ್ಡ ಪಾಲು ಮಾತಿಗೇ ಹೋಗಬೇಕು. ನೋವು ಯಾವಾಗ ಶುರುವಾಯಿತು, ಹಿಂದೆ ಬಿದ್ದಿದ್ದೀರಾ, ಯಾವ ಗುಳಿಗೆ ನುಂಗುತ್ತೀರಿ ಎಂದು ಅವರು ಕೇಳಬೇಕು. ರಕ್ತ ತೆಳುವಾಗಿಸುವ ಗುಳಿಗೆ, ಮೂಳೆ ಸವೆತ, ಕ್ಯಾನ್ಸರ್, ಗರ್ಭ ಇದ್ದರೆ ಅವರು ಕೇಳದಿದ್ದರೂ ನೀವೇ ಹೇಳಿ. ಗುಳಿಗೆಯ ಚೀಟಿ, ಹಳೆಯ ಎಕ್ಸರೇ ಚೀಲದಲ್ಲಿರಲಿ. ಕೇಳದೆಯೇ ‘ಮಲಗ್ರಿ’ ಎಂದರೆ ಮಲಗಬೇಡಿ. ನನ್ನ ಮಟ್ಟಿಗೆ ಒಳ್ಳೆಯವರನ್ನು ಗುರುತಿಸುವ ದಾರಿ ಇದೊಂದೇ.

ಆಮೇಲೆ ಬಗ್ಗಿಸಿ, ತಿರುಗಿಸಿ ನೋಡುತ್ತಾರೆ. ಕೆಲವು ಬಟ್ಟೆ ತೆಗೆಯಲು ಹೇಳಬಹುದು. ಸಡಿಲವಾದ ಬಟ್ಟೆ ಹಾಕಿಕೊಂಡು ಹೋಗಿ, ಹೆಣ್ಣುಮಕ್ಕಳು ಜೊತೆಗೆ ಅವ್ವನನ್ನೋ ಅಕ್ಕನನ್ನೋ ಕರೆದುಕೊಂಡು ಹೋಗಬಹುದು. ಬೇಡ ಎನಿಸಿದ ಕ್ಷಣ ‘ಸಾಕ್ರೀ’ ಎನ್ನಿ.

ಹೆಜ್ಜೆ 4: ‘ಲಟಕ್’ ಸದ್ದು

ಕೀಲನ್ನು ಚಕ್ಕನೆ ತಿರುಗಿಸಿದಾಗ ಬರುವ ಸದ್ದನ್ನು ಎಲುಬು ಜಾಗಕ್ಕೆ ಕೂತಿತು ಎಂದು ಜನ ತಿಳಿಯುತ್ತಾರೆ. ಹಾಗಲ್ಲ. ಕೀಲಿನೊಳಗಿನ ದ್ರವದಲ್ಲಿನ ಗಾಳಿಗುಳ್ಳೆಯಿಂದ ಬರುವ ಸದ್ದು ಅದು. ಬೆರಳು ನೆಟಿಗೆ ತೆಗೆದಾಗ ಬರುತ್ತದಲ್ವಾ, ಅದೇ. ಸದ್ದು ಬರದಿದ್ದರೂ ಚಿಕಿತ್ಸೆ ಕೆಟ್ಟಿಲ್ಲ.

ಕುತ್ತಿಗೆಯ ವಿಷಯದಲ್ಲಿ ಮಾತ್ರ ನಾನು ತುಂಬ ಹೆದರುತ್ತೇನೆ. ಮಿದುಳಿಗೆ ರಕ್ತ ಒಯ್ಯುವ ನಾಳಗಳಲ್ಲಿ ಎರಡು ಕುತ್ತಿಗೆಯ ಮೂಳೆಗಳ ರಂಧ್ರಗಳ ಮೂಲಕವೇ ಹೋಗುತ್ತವೆ. ಜೋರಾಗಿ ತಿರುಗಿಸಿದರೆ ನಾಳದ ಒಳಪದರ ಹರಿದು ಪಾರ್ಶ್ವವಾಯು ಆಗಬಹುದು. ಅಪರೂಪ ನಿಜ, ಆದರೆ ಆಗುತ್ತದೆ. ಕಟಿಂಗ್ ಆದ ಮೇಲೆ ತಲೆ ಹಿಡಿದು ತಿರುವುವ ರೂಢಿ ನಮ್ಮ ಕ್ಷೌರದ ಅಂಗಡಿಗಳಲ್ಲೂ ಇದೆ. ಕಾಕಾನಿಗೆ ಒಮ್ಮೆ ಹೀಗೆ ಮಾಡಿಸಿಕೊಂಡ ಮೇಲೆ ಮೂರು ದಿನ ತಲೆಸುತ್ತು ಇತ್ತು. ಅವರ ಅದೃಷ್ಟ, ಹೆಚ್ಚೇನೂ ಆಗಲಿಲ್ಲ. ಕುತ್ತಿಗೆ ತಿರುಗಿಸುವುದು ಬೇಡ ಎಂದು ಮೊದಲೇ ಹೇಳಿ. ಮೆಲ್ಲಗೆ ಹಿಗ್ಗಿಸುವ ದಾರಿಗಳಿವೆ, ಅವು ಸಾಕು.

ಹೆಜ್ಜೆ 5: ಮನೆಗೆ ಬಂದ ಮೇಲೆ

ಒಂದೆರಡು ದಿನ ಮೈ ಕೈ ನೋಯಬಹುದು, ಸುಸ್ತು ಎನಿಸಬಹುದು. ನೋವು ಜಾಸ್ತಿಯಾಗುತ್ತಾ ಹೋದರೆ, ಜೋಮು ಹತ್ತಿದರೆ ವೈದ್ಯರಿಗೆ ತೋರಿಸಿ. ತೀವ್ರ ತಲೆನೋವು, ಮಾತು ತೊದಲುವುದು, ಕಣ್ಣು ಮಂಜಾಗುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಸುಮ್ನೆ ಹಾಸಿಗೆ ಹಿಡಿಯಬೇಡಿ. ಹೊಸ ಸೊಂಟನೋವು ಎಷ್ಟೋ ಜನರಿಗೆ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ, ನಡೆದಾಡುವುದರಿಂದ ಬೇಗ ಇಳಿಯುತ್ತದೆ. ಕೈಚಿಕಿತ್ಸೆಯ ಜೊತೆ ವ್ಯಾಯಾಮ ಹೇಳಿಕೊಡಿ ಎಂದು ಕೇಳಿ. ಹತ್ತು ಭೇಟಿಯ ದುಡ್ಡು ಮೊದಲೇ ಕಟ್ಟಿ ಎಂದರೆ ಕಟ್ಟಬೇಡಿ. ಮೂರ್ನಾಲ್ಕು ಸಲ ಹೋಗಿಯೂ ಏನೂ ಬದಲಾಗದಿದ್ದರೆ ಅಲ್ಲಿಗೆ ನಿಲ್ಲಿಸಿ, ಎಲುಬು-ಕೀಲು ವೈದ್ಯರನ್ನು ಕಾಣಿ.